ನಂಜನಗೂಡಿನ ಗಾಳಿಗೆ ಮೂರು ಲೆಕ್ಕ: ಕೋಡ್ ಪುಸ್ತಕದ ಆವೃತ್ತಿ ಬದಲಾದರೆ ಗಾಳಿಯ ಒತ್ತಡವೂ ಬದಲಾಗುವುದೇಕೆ?

ಟಿ. ನರಸೀಪುರದ ಕಡೆ ಒಬ್ಬರು ಅಕ್ಕಿ ಗಿರಣಿಗೆ ಹೊಸ ಶೀಟಿನ ಶೆಡ್ ಹಾಕಿಸಬೇಕಿದೆ ಎಂದುಕೊಳ್ಳಿ. ಇಬ್ಬರು ಎಂಜಿನಿಯರುಗಳಿಂದ ಲೆಕ್ಕ ತರಿಸುತ್ತಾರೆ. ಒಬ್ಬರ ಹಾಳೆಯಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ 67 ಕೆ.ಜಿ. ಎಂದಿದೆ. ಇನ್ನೊಬ್ಬರದರಲ್ಲಿ 47. ಪಕ್ಕದಲ್ಲೇ ಇರುವ, ಐವತ್ತು ವರ್ಷ ಹಿಂದೆ ಕಟ್ಟಿದ ಗೋದಾಮಿನ ಹಳೇ ನಕ್ಷೆ ತೆಗೆದು ನೋಡಿದರೆ ಅಲ್ಲಿ 100! ಜಾಗ ಅದೇ, ಬೀಸುವ ಗಾಳಿಯೂ ಅದೇ. ಹಾಗಾದರೆ ಯಾರೋ ಒಬ್ಬರು ಲೆಕ್ಕ ತಪ್ಪಿದ್ದಾರೆಯೇ? ಕಬ್ಬಿಣ ಉಳಿಸಲು ಸಂಖ್ಯೆ ಇಳಿಸಿದ್ದಾರೆಯೇ? ಅಥವಾ ಇಷ್ಟು ವರ್ಷಗಳಲ್ಲಿ ನಮ್ಮ ಕಡೆ ಗಾಳಿಯೇ ಕಡಿಮೆಯಾಯಿತೇ?

ಮೂರೂ ಸಂಖ್ಯೆಗಳು ಸರಿಯೇ ಇರಬಹುದು. ಅವು ಒಂದೇ ಕೋಡ್ ಪುಸ್ತಕದ ಮೂರು ಬೇರೆ ಆವೃತ್ತಿಗಳಿಂದ ಬಂದವು. ಒಂದೊಂದು ಆವೃತ್ತಿಯೂ ‘ಗಾಳಿಯ ಒತ್ತಡ’ ಎಂಬ ಪದಕ್ಕೆ ಒಂದೊಂದು ಅರ್ಥ ಕೊಟ್ಟಿದೆ. ಅಪಾಯ ಇರುವುದು ಸಂಖ್ಯೆ ಬದಲಾದದ್ದರಲ್ಲಿ ಅಲ್ಲ, ಒಂದು ಪುಸ್ತಕದ ಸಂಖ್ಯೆಯನ್ನು ಇನ್ನೊಂದು ಪುಸ್ತಕದ ನಿಯಮದ ಜೊತೆ ಬೆರೆಸುವುದರಲ್ಲಿ. ಹೇಗೆಂದು ನೋಡೋಣ.

ಪುಸ್ತಕ ಒಂದು, ಆವೃತ್ತಿ ಹಲವು

ಕಟ್ಟಡದ ಮೇಲೆ ಬೀಳುವ ಭಾರಗಳ ಬಗ್ಗೆ ನಮ್ಮ ದೇಶದಲ್ಲಿ ಇರುವ ಮಾನಕದ ಹೆಸರು ಐಎಸ್ 875. ಮೊದಲು ಬಂದದ್ದು 1957ರಲ್ಲಿ, ಪರಿಷ್ಕಾರವಾದದ್ದು 1964ರಲ್ಲಿ. 1987ರಲ್ಲಿ ಅದನ್ನು ಐದು ಭಾಗ ಮಾಡಿ, ಗಾಳಿಗೆ ಮೂರನೆಯ ಭಾಗವನ್ನು ಮೀಸಲಿಟ್ಟರು. ಈ ಮೂರನೆಯ ಭಾಗ 2015ರಲ್ಲಿ ಮತ್ತೆ ಪರಿಷ್ಕಾರವಾಯಿತು. ಈಗ ಚಾಲ್ತಿಯಲ್ಲಿರುವುದು ಅದೇ.

1964ರ ಪುಸ್ತಕ ಗಾಳಿಯ ವೇಗದ ತಂಟೆಗೇ ಹೋಗದೆ ನಕ್ಷೆಯಲ್ಲಿ ನೇರವಾಗಿ ಒತ್ತಡವನ್ನೇ ಕೊಡುತ್ತಿತ್ತು. ನೆಲದಿಂದ 30 ಮೀಟರ್ ಎತ್ತರದವರೆಗೆ ಚದರ ಮೀಟರಿಗೆ 100, 150 ಅಥವಾ 200 ಕೆ.ಜಿ., ಹೀಗೆ ಮೂರು ವಲಯ. ತೀರ ಕಡಿಮೆ ಎಂದರೂ 100. ಅದರಲ್ಲೂ ನಕ್ಷೆಗಳು ಎರಡಿದ್ದವು: ಐದು ನಿಮಿಷಕ್ಕಿಂತ ಕಡಿಮೆ ಹೊತ್ತು ಬೀಸುವ ಬಿರುಗಾಳಿಯನ್ನು ಸೇರಿಸಿದ್ದು ಒಂದು, ಬಿಟ್ಟದ್ದು ಇನ್ನೊಂದು. ಒಂದೇ ಆವೃತ್ತಿಯೊಳಗೇ ಎರಡು ಉತ್ತರ ಬರಲು ಇಷ್ಟು ಸಾಕಲ್ಲವೇ?

1987ರಲ್ಲಿ ವಿಧಾನವೇ ಬದಲಾಯಿತು. ಗಾಳಿಮಾಪಕಗಳಲ್ಲಿ ವರ್ಷಗಟ್ಟಲೆ ದಾಖಲಾದ ವೇಗಗಳನ್ನು ವಿಶ್ಲೇಷಿಸಿ, ದೇಶವನ್ನು ಆರು ವೇಗಗಳಿಗೆ ಹಂಚಿದರು: ಸೆಕೆಂಡಿಗೆ 33, 39, 44, 47, 50, 55 ಮೀಟರ್. ಇದು ದಿನವಿಡೀ ಬೀಸುವ ಗಾಳಿಯ ಸರಾಸರಿಯಲ್ಲ. ಬಯಲಿನಲ್ಲಿ, ನೆಲದಿಂದ 10 ಮೀಟರ್ ಎತ್ತರದಲ್ಲಿ, ಮೂರು ಸೆಕೆಂಡು ಮಾತ್ರ ರಪ್ಪನೆ ಬಡಿದು ಹೋಗುವ ಹೊಡೆತದ ವೇಗ. ಪುಸ್ತಕದ ಕೊನೆಯಲ್ಲಿರುವ ಊರುಗಳ ಪಟ್ಟಿಯಲ್ಲಿ ಮೈಸೂರಿಗೆ 33, ಬೆಂಗಳೂರಿಗೂ 33, ಮಂಗಳೂರಿಗೆ 39. ಗಂಟೆಯ ಲೆಕ್ಕದಲ್ಲಿ 33 ಎಂದರೆ ಸುಮಾರು 119 ಕಿ.ಮೀ.

‘ನಂಜನಗೂಡಿನಲ್ಲಿ 119 ಕಿ.ಮೀ. ವೇಗದ ಗಾಳಿಯೇ? ನಾನಂತೂ ಕಂಡಿಲ್ಲ’ ಎನ್ನಬೇಡಿ. ಅದೇ ಗಾಳಿಯನ್ನು ಒಂದು ಗಂಟೆಯ ಸರಾಸರಿಯಾಗಿ ಅಳೆದರೆ, 1987ರ ಕೋಷ್ಟಕದಂತೆ ಬಯಲಿನಲ್ಲಿ ಸಿಗುವುದು 0.67 ಪಾಲು, ಅಂದರೆ 80 ಕಿ.ಮೀ. ಆಸುಪಾಸು. ಅಳೆಯುವ ಹೊತ್ತು ಚಿಕ್ಕದಾದಷ್ಟೂ ವೇಗದ ಸಂಖ್ಯೆ ದೊಡ್ಡದಾಗುತ್ತದೆ. ಹಾಗಾಗಿ ‘ಇಷ್ಟು ವೇಗ ತಡೆಯುತ್ತದೆ’ ಎಂದು ಯಾರಾದರೂ ಹೇಳಿದರೆ, ಎಷ್ಟು ಹೊತ್ತಿನ ಸರಾಸರಿ ಎಂದು ಕೇಳದೆ ಆ ಮಾತಿಗೆ ಅರ್ಥವಿಲ್ಲ.

ವೇಗ ಗೊತ್ತಾದ ಮೇಲೆ ಒತ್ತಡ ತೆಗೆಯುವುದು ಸುಲಭ. ವೇಗವನ್ನು ಅದರಿಂದಲೇ ಗುಣಿಸಿ, 0.6ರಿಂದ ಗುಣಿಸಬೇಕು. ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕೆ.ಜಿ., ಅದರ ಅರ್ಧವೇ ಈ 0.6. 33ಕ್ಕೆ ಲೆಕ್ಕ ಹಾಕಿದರೆ ಚದರ ಮೀಟರಿಗೆ 653 ನ್ಯೂಟನ್, ಅಂದರೆ 67 ಕೆ.ಜಿ. ತೂಕದಷ್ಟು ಬಲ. ನಮ್ಮ ಮೊದಲ ಎಂಜಿನಿಯರ್ ಬರೆದದ್ದು ಇದನ್ನೇ.

2015ರ ಆವೃತ್ತಿಯಲ್ಲೂ ಮೈಸೂರಿನ 33 ಹಾಗೇ ಇದೆ. ಆದರೆ ಕೊನೆಯಲ್ಲಿ ಮೂರು ಹೊಸ ಗುಣಕಗಳು ಸೇರಿಕೊಂಡವು. ಅತಿ ಜೋರಾದ ಗಾಳಿ ಕಟ್ಟಡಕ್ಕೆ ಅತಿ ಅಪಾಯಕಾರಿಯಾದ ದಿಕ್ಕಿನಿಂದಲೇ ಬರಬೇಕೆಂದಿಲ್ಲ, ಅದಕ್ಕಾಗಿ 0.9. ದೊಡ್ಡ ಚಾವಣಿಯ ಎಲ್ಲ ಮೂಲೆಗೂ ಹೊಡೆತ ಒಂದೇ ಕ್ಷಣದಲ್ಲಿ ಬೀಳುವುದಿಲ್ಲ, ಅದಕ್ಕಾಗಿ ವಿಸ್ತೀರ್ಣ ನೋಡಿ 1ರಿಂದ 0.8ರವರೆಗೆ. ಗೋಡೆಗೂ ಚಾವಣಿಗೂ ಪೂರ್ತಿ ಒತ್ತಡ ಒಟ್ಟಿಗೇ ಬರುವ ಸಂಭವ ಕಡಿಮೆ, ಅದಕ್ಕಾಗಿ ಇನ್ನೊಂದು 0.9. ಮೂರನ್ನೂ ಗುಣಿಸಿದರೆ ಎಷ್ಟೇ ಕಡಿಮೆ ಬಂದರೂ ಮೂಲದ ಶೇ. 70ಕ್ಕಿಂತ ಕೆಳಗೆ ಇಳಿಸುವಂತಿಲ್ಲ ಎಂಬ ಕಟ್ಟುಪಾಡೂ ಇದೆ. 67ರ ಶೇ. 70 ಎಂದರೆ 47. ಎರಡನೆಯ ಎಂಜಿನಿಯರಿನ ಸಂಖ್ಯೆ ಬಂದದ್ದು ಹೀಗೆ.

ಆದರೆ ಗಮನಿಸಿ, ಈ 47 ಅನ್ವಯಿಸುವುದು ಶೆಡ್ಡಿನ ಮುಖ್ಯ ಕಂಬ ಮತ್ತು ಟ್ರಸ್ಸಿಗೆ. 10 ಚದರ ಮೀಟರಿಗಿಂತ ಕಡಿಮೆ ಜಾಗದ ಗಾಳಿ ಹೊರುವ ಶೀಟು, ಪರ್ಲಿನ್, ಸ್ಕ್ರೂಗಳಿಗೆ ಮೊದಲ ಗುಣಕ ಮಾತ್ರ ಸಿಗುತ್ತದೆ. ಅವುಗಳಿಗೆ ಒತ್ತಡ 60 ಕೆ.ಜಿ. ಅಂದರೆ ಒಂದೇ ಶೆಡ್ಡಿಗೆ, ಒಂದೇ ಪುಸ್ತಕದಿಂದ, ಎರಡು ಸಂಖ್ಯೆ ಬರಲೇಬೇಕು. ಹಾಳೆಯಲ್ಲಿ ಎಲ್ಲದಕ್ಕೂ ಒಂದೇ 47 ಬರೆದಿದ್ದರೆ ಪ್ರಶ್ನೆ ಕೇಳಿ.

ಪೂರ್ವ ಕರಾವಳಿ ಮತ್ತು ಗುಜರಾತ್ ಕರಾವಳಿಯ 60 ಕಿ.ಮೀ. ಪಟ್ಟಿಗೆ 2015ರಲ್ಲಿ ಚಂಡಮಾರುತದ ಗುಣಕವೂ ಸೇರಿದೆ. ನಮಗೆ ಅದು ತಾಗುವುದಿಲ್ಲ.

ಅಮೆರಿಕದಲ್ಲೂ ಇದೇ ಕಥೆ

ಇದು ನಮ್ಮವರದ್ದೇ ಗೊಂದಲ ಎಂದುಕೊಳ್ಳಬೇಡಿ. ಅಮೆರಿಕದ ಕಟ್ಟಡ ಮಾನಕವಾದ ಎಎಸ್‌ಸಿಇ 7ರಲ್ಲಿ ಒಳನಾಡಿನ ಬಹುಭಾಗಕ್ಕೆ 1993ರ ಆವೃತ್ತಿಯಲ್ಲಿ ಗಂಟೆಗೆ 70 ಮೈಲಿ ವೇಗ ಇತ್ತು. ಕೆಲವೇ ವರ್ಷಗಳಲ್ಲಿ ಅದು 90 ಆಯಿತು, 2010ರ ಆವೃತ್ತಿಯಲ್ಲಿ 115. ಹದಿನೇಳು ವರ್ಷದಲ್ಲಿ ಗಾಳಿ ಅಷ್ಟು ಜೋರಾಯಿತೇ? ಇಲ್ಲ. ಮೊದಲ ಬದಲಾವಣೆಯಲ್ಲಿ, ಒಂದು ಮೈಲಿ ಗಾಳಿ ದಾಟಲು ಹಿಡಿಯುವ ಹೊತ್ತಿನ ಸರಾಸರಿ ಬಿಟ್ಟು ಮೂರು ಸೆಕೆಂಡಿನ ಹೊಡೆತಕ್ಕೆ ಬಂದರು. ಎರಡನೆಯದರಲ್ಲಿ, ಮೊದಲು ಭಾರವನ್ನು 1.6ರಿಂದ ಗುಣಿಸುತ್ತಿದ್ದುದನ್ನು ಬಿಟ್ಟು, ಅದೇ ಸುರಕ್ಷತೆಯನ್ನು ವೇಗದೊಳಗೇ ಸೇರಿಸಿದರು. 1.6ರ ವರ್ಗಮೂಲ ಸುಮಾರು 1.26. 90ನ್ನು ಅದರಿಂದ ಗುಣಿಸಿದರೆ 114 ಬರುತ್ತದೆ! ಅಲ್ಲಿ ಸಂಖ್ಯೆ ಏರಿತು, ಇಲ್ಲಿ ಇಳಿಯಿತು. ಎರಡೂ ಕಡೆ ಕಟ್ಟಡಕ್ಕೆ ಬೇಕಾದ ಬಲದಲ್ಲಿ ಆದ ವ್ಯತ್ಯಾಸ ಸಂಖ್ಯೆ ಹೇಳುವಷ್ಟು ದೊಡ್ಡದಲ್ಲ.

ಬೆರಕೆ ಲೆಕ್ಕದ ಅಪಾಯ

ನಮ್ಮಲ್ಲೂ ಆ ಸುರಕ್ಷತೆಯ ಪಾಲು ಬೇರೊಂದು ಪುಸ್ತಕದಲ್ಲಿದೆ. ಉಕ್ಕಿನ ಕಟ್ಟಡಕ್ಕೆ ಅದು ಐಎಸ್ 800. ಇದರ 1984ರ ಆವೃತ್ತಿಯಲ್ಲಿ ಭಾರವನ್ನು ಗುಣಿಸುವುದಿರಲಿಲ್ಲ. ಉಕ್ಕು ತಡೆಯಬಲ್ಲ ಒತ್ತಡದ ಮೂರನೇ ಎರಡು ಪಾಲಿನಷ್ಟನ್ನು ಮಾತ್ರ ಬಳಸಿ ಎನ್ನುತ್ತಿತ್ತು. ಆದರೆ ಗಾಳಿ ಅಪರೂಪದ ಅತಿಥಿ ಎಂದು, ಗಾಳಿಯ ಲೆಕ್ಕಕ್ಕೆ ಮಾತ್ರ ಆ ಮಿತಿಯನ್ನು ಶೇ. 33ರಷ್ಟು ಏರಿಸಲು ಬಿಡುತ್ತಿತ್ತು. ಬಾಗುವ ತೊಲೆಗೆ ಹೀಗೆ ಸಿಗುವ ಮಿತಿ ಪೂರ್ಣ ಬಲದ ಶೇ. 88. 2007ರ ಆವೃತ್ತಿ ಈ ರಿಯಾಯಿತಿಯ ದಾರಿ ಬಿಟ್ಟು, ಸ್ವಂತ ಭಾರದ ಜೊತೆ ಬರುವ ಗಾಳಿಯ ಭಾರವನ್ನು 1.5ರಿಂದ ಗುಣಿಸಿ, ಉಕ್ಕಿನ ಬಲವನ್ನು 1.1ರಿಂದ ಭಾಗಿಸಿ ಎಂದಿತು.

ಈಗ ಜೋಡಿಸಿ ನೋಡೋಣ. ಸ್ವಂತ ಭಾರ ಬದಿಗಿಟ್ಟು ಗಾಳಿಯೊಂದನ್ನೇ ಹಿಡಿದ ಅಂದಾಜು ಇದು.

ಹಳೆಯ ಜೋಡಿ: 67ನ್ನು 0.88ರಿಂದ ಭಾಗಿಸಿದರೆ 76.
ಹೊಸ ಜೋಡಿ, ಮುಖ್ಯ ಟ್ರಸ್ಸಿಗೆ: 47ನ್ನು 1.5ರಿಂದಲೂ 1.1ರಿಂದಲೂ ಗುಣಿಸಿದರೆ 77.5.

ನೋಡಿದಿರಾ? 67ರಿಂದ 47ಕ್ಕೆ ಇಳಿದದ್ದು ಕಾಗದದ ಮೇಲೆ. ಟ್ರಸ್ಸಿಗೆ ಬೇಕಾದ ಉಕ್ಕು ಹೆಚ್ಚು ಕಡಿಮೆ ಅಷ್ಟೇ ಉಳಿಯಿತು. ಪರ್ಲಿನ್ನಿಗೆ ಇದೇ ಲೆಕ್ಕ ಮಾಡಿದರೆ 60 ಎಂಬುದು 99 ಆಗುತ್ತದೆ, ಅಂದರೆ ಹೊಸ ಜೋಡಿ ಹಳೆಯದಕ್ಕಿಂತ ಬಿಗಿ. ಶೆಡ್ಡುಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಶೀಟು ಮತ್ತು ಅದನ್ನು ಹಿಡಿದ ಭಾಗಗಳೇ ಆದ್ದರಿಂದ ಈ ಬದಲಾವಣೆ ಒಳ್ಳೆಯದೇ ಎಂದು ನನ್ನ ಅನಿಸಿಕೆ.

ಇನ್ನು ಬೆರಕೆ. ಗಾಳಿಗೆ ಹೊಸ ಪುಸ್ತಕದ 47 ತೆಗೆದುಕೊಂಡು, ಉಕ್ಕಿಗೆ ಹಳೆಯ ಶೇ. 33ರ ರಿಯಾಯಿತಿ ಹಿಡಿದರೆ ಬರುವುದು 53. ಬೇಕಾದದ್ದು 76ರ ಆಸುಪಾಸು, ಸಿಕ್ಕಿದ್ದು 53. ಮೂರನೇ ಒಂದು ಭಾಗದಷ್ಟು ಬಲ ಸದ್ದಿಲ್ಲದೆ ಮಾಯ! ತಿರುಗಿಸಿ, ಹಳೆಯ 67ಕ್ಕೆ ಹೊಸ ಉಕ್ಕಿನ ನಿಯಮ ಹಾಕಿದರೆ 110. ಕಟ್ಟಡ ಬೀಳುವುದಿಲ್ಲ, ಕಟ್ಟಿಸುವವರ ಜೇಬಿಗೆ ತೂತು. ಇಂಥ ಬೆರಕೆಗೆ ದುರುದ್ದೇಶವೇ ಬೇಕಿಲ್ಲ. ಟೆಂಡರಿನಲ್ಲಿ ಇಸವಿ ಹಾಕದೆ ಬರೀ ‘ಐಎಸ್ 875’ ಎಂದು ಬರೆದರೆ ಸಾಕು, ಹತ್ತು ವರ್ಷದ ಹಿಂದಿನ ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು ಮಾತ್ರ ತಿದ್ದಿದರೂ ಸಾಕು.

ಹಾಗಾದರೆ 1964ರ 100? ಅದನ್ನು ಇಂದಿನ ಸೂತ್ರದಲ್ಲಿ ಹಿಮ್ಮುಖವಾಗಿ ವೇಗಕ್ಕೆ ತಿರುಗಿಸಿದರೆ ಸೆಕೆಂಡಿಗೆ 40 ಮೀಟರ್ ಬರುತ್ತದೆ. ಅದನ್ನು ಹಿಡಿದುಕೊಂಡು ‘ಆಗ ಗಾಳಿ ಜೋರಿತ್ತು’ ಎನ್ನುವುದು ತಪ್ಪು. 30 ಮೀಟರ್ ಎತ್ತರದವರೆಗೆ ಒಂದೇ ಒತ್ತಡ ಎಂದಾಗ ಮೇಲಿನದಕ್ಕೆ ಬೇಕಾದದ್ದನ್ನೇ ಕೆಳಗಿನದೂ ಹೊರಬೇಕಾಯಿತು. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯದ ಗೋಪುರ ಸುಮಾರು 120 ಅಡಿ. ಅದರ ಕಣ್ಣೆದುರಿನ ಹೆಂಚಿನ ಮನೆ ಹದಿನೈದು ಅಡಿ ಇರಬಹುದು. ಈಗಿನ ಪುಸ್ತಕದಲ್ಲಿ ಬಯಲಿನ 30 ಮೀಟರ್ ಎತ್ತರಕ್ಕೆ ವೇಗ 1.12 ಪಟ್ಟು, ಅಂದರೆ ಒತ್ತಡ ಕಾಲು ಭಾಗ ಹೆಚ್ಚು. ಹಳೆಯದರಲ್ಲಿ ಹೆಂಚಿನ ಮನೆಗೂ ಗೋಪುರದ ಆರನೇ ಅಂತಸ್ತಿಗೂ ಭೇದವಿರಲಿಲ್ಲ. ಆಕಾರದ ಕೋಷ್ಟಕಗಳೂ ಆಮೇಲೆ ಬದಲಾದವು. ಆದ್ದರಿಂದ 100ನ್ನು 67ರ ಪಕ್ಕ ಇಟ್ಟು ಹೋಲಿಸುವುದು ಸೇರಿನ ಅಳತೆಯನ್ನು ಲೀಟರಿನ ಪಕ್ಕ ಇಟ್ಟ ಹಾಗೆ.

ಐವತ್ತು ವರ್ಷಕ್ಕೊಮ್ಮೆ ಬರುವ ಗಾಳಿಯೇ?

33 ಎಂಬುದು ‘50 ವರ್ಷಕ್ಕೊಮ್ಮೆಯ ಗಾಳಿ’ ಎಂದು ಪುಸ್ತಕ ಹೇಳುತ್ತದೆ. ಇದನ್ನು ಕೇಳಿದವರು ಮಾಡಿಕೊಳ್ಳುವ ಅರ್ಥ: ಒಮ್ಮೆ ಬಂದರೆ ಮತ್ತೆ ಐವತ್ತು ವರ್ಷ ನಿಶ್ಚಿಂತೆ. ನಿಜವಾದ ಅರ್ಥ: ಯಾವುದೇ ವರ್ಷ ಆ ವೇಗ ಮೀರುವ ಸಂಭವ 50ರಲ್ಲಿ 1. ಕಳೆದ ವರ್ಷ ಬಂದಿತ್ತೋ ಇಲ್ಲವೋ ಎಂಬುದು ಲೆಕ್ಕಕ್ಕಿಲ್ಲ. ಐವತ್ತು ವರ್ಷ ಬಾಳುವ ಮನೆ ತನ್ನ ಆಯಸ್ಸಿನಲ್ಲಿ ಒಮ್ಮೆಯಾದರೂ ಈ ವೇಗ ಮೀರಿದ ಗಾಳಿ ಕಾಣುವ ಸಂಭವ ಶೇ. 63. ಮೂರರಲ್ಲಿ ಎರಡು ಪಾಲಿಗೆ ಹತ್ತಿರ! ಭಾರವನ್ನು 1.5ರಿಂದ ಗುಣಿಸುವುದು ಇದಕ್ಕಾಗಿಯೂ ಹೌದು.

ಇನ್ನೊಂದು ನಂಬಿಕೆ, ನಮ್ಮ ಕಡೆ ಗಾಳಿ ಎಂದರೆ ಆಷಾಢದ ಗಾಳಿ ಎನ್ನುವುದು. ಆಷಾಢದಲ್ಲಿ ಗಾಳಿ ದಿನಗಟ್ಟಲೆ ಬೀಸುತ್ತದೆ ನಿಜ. ಆದರೆ ಶೀಟು ಹಾರಿ, ಬಾಳೆ ತೋಟ ನೆಲಕಚ್ಚುವ ಸುದ್ದಿ ಹೆಚ್ಚಾಗಿ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ, ಅಶ್ವಿನಿ, ಭರಣಿ ಮಳೆಯ ಹೊತ್ತಿಗೆ. ಬಿಸಿಲಿಗೆ ಕಾದ ನೆಲದ ಮೇಲೆ ಗುಡುಗಿನ ಮೋಡ ಎದ್ದು, ಅದರೊಳಗಿಂದ ತಣ್ಣನೆಯ ಗಾಳಿ ಕೆಳಕ್ಕೆ ಕುಸಿದು ನೆಲದ ಮೇಲೆ ಹರಡುತ್ತದೆ. ಹತ್ತು ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ದಿನದ ಸರಾಸರಿಯಲ್ಲಿ ಇದರ ಗುರುತೂ ಕಾಣದು. ಮೂರು ಸೆಕೆಂಡಿನ ಹೊಡೆತವನ್ನೇ ಅಳತೆಗೋಲು ಮಾಡಿದ್ದರ ಪ್ರಯೋಜನ ಇಲ್ಲಿ ಕಾಣುತ್ತದೆ.

ಕೇಂದ್ರ ಸರ್ಕಾರದ ಬಿಎಂಟಿಪಿಸಿ ಪ್ರಕಟಿಸುವ ವಿಪತ್ತು ನಕ್ಷೆಗಳಲ್ಲಿ 33ರ ವಲಯಕ್ಕೆ ‘ಕಡಿಮೆ ಹಾನಿಯ ಅಪಾಯ’ ಎಂಬ ಹೆಸರಿದೆ. ಕಡಿಮೆ ಎಂದರೆ 55ರ ವಲಯಕ್ಕೆ ಹೋಲಿಸಿದರೆ ಕಡಿಮೆ, ಅಷ್ಟೇ.

ಆವೃತ್ತಿಗಿಂತ ದೊಡ್ಡ ವ್ಯತ್ಯಾಸಗಳು

60 ಸರಿಯೋ 67 ಸರಿಯೋ ಎಂದು ಜಗಳವಾಡುವವರು ಒಂದು ಬಾಗಿಲಿನ ಬಗ್ಗೆ ಯೋಚಿಸುವುದು ಕಡಿಮೆ. ಗಾಳಿ ಚಾವಣಿಯನ್ನು ಒತ್ತುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಇಳಿಜಾರು ಕಡಿಮೆ ಇರುವ ಶೀಟಿನ ಚಾವಣಿಯ ಮೇಲೆ ಅದು ಮಾಡುವುದು ಎಳೆತ. ಮೇಲೆ ಹಾದುಹೋಗುವ ಗಾಳಿ ಶೀಟನ್ನು ಮೇಲಕ್ಕೆ ಹೀರುತ್ತದೆ, ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ನೂಕುತ್ತದೆ. ಮೇಲಿನ ಹೀರಿಕೆಗೆ ಪುಸ್ತಕ ಕೊಡುವ ಅಂಕ 0.8. ಒಳಗಿನ ನೂಕಿಗೆ, ಬಾಗಿಲು ಕಿಟಕಿ ಮುಚ್ಚಿದ್ದರೆ 0.2, ಲಾರಿ ಬರುವ ದೊಡ್ಡ ಬಾಗಿಲು ತೆರೆದಿದ್ದರೆ 0.7.

ಮುಚ್ಚಿದ ಗಿರಣಿ: ಒಟ್ಟು 1.0, ಚದರ ಮೀಟರಿಗೆ 60 ಕೆ.ಜಿ. ಎಳೆತ. ಬಾಗಿಲು ತೆರೆದ ಗಿರಣಿ: ಒಟ್ಟು 1.5, ಅಂದರೆ 90 ಕೆ.ಜಿ. ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸ ಶೀಟಿನ ಮಟ್ಟಿಗೆ ಶೇ. 10 ಮಾತ್ರ, ಒಂದು ಬಾಗಿಲು ಮಾಡುವ ವ್ಯತ್ಯಾಸ ಶೇ. 50. ಮೂಲೆ ಮತ್ತು ಅಂಚುಗಳಲ್ಲಿ ಹೀರಿಕೆಯ ಅಂಕ 2.0ರವರೆಗೂ ಹೋಗುತ್ತದೆ. ಅಲ್ಲಿ ಬಾಗಿಲು ತೆರೆದಾಗ ಎಳೆತ 162 ಕೆ.ಜಿ. ಇದನ್ನು ತಡೆಯಬೇಕಾದ ಅರ್ಧ ಮಿಲಿಮೀಟರ್ ದಪ್ಪದ ಶೀಟಿನ ಸ್ವಂತ ತೂಕ? ಚದರ ಮೀಟರಿಗೆ ಐದು ಕೆ.ಜಿ. ಕೂಡ ಇಲ್ಲ. ಉಳಿದದ್ದೆಲ್ಲ ಸ್ಕ್ರೂಗಳ ಪಾಲು.

ಸುತ್ತಲಿನ ಜಾಗವೂ ಹಾಗೇ. ಮನೆ, ಮರ ಒತ್ತಾಗಿರುವ ನಂಜನಗೂಡು ಪೇಟೆಯೊಳಗೆ ವೇಗ 0.91 ಪಾಲಿಗೆ ಇಳಿಯುತ್ತದೆ, ಒತ್ತಡ 67ರಿಂದ 55ಕ್ಕೆ. ಗದ್ದೆ ಬಯಲಿನ ನಡುವೆ ಒಂಟಿಯಾಗಿ ನಿಂತ ಶೆಡ್ಡಿಗೆ ಈ ರಿಯಾಯಿತಿ ಇಲ್ಲ. ಪೇಟೆಯಲ್ಲಿ ಕಟ್ಟಿದ ನಕ್ಷೆಯನ್ನೇ ತಂದು ಕಬಿನಿ ನಾಲೆಯ ಬಯಲಿನಲ್ಲಿ ಕಟ್ಟಿದರೆ, ಪುಸ್ತಕ ಯಾವ ಇಸವಿಯದಾದರೂ ಲೆಕ್ಕ ತಪ್ಪಿದಂತೆಯೇ. ಗುಡ್ಡದ ನೆತ್ತಿಯಾದರೆ ವೇಗವನ್ನು 1.36ರವರೆಗೂ ಏರಿಸಬೇಕಾಗಬಹುದು. ಬಯಲುಗಾಳಿಯ ಶಕ್ತಿ ಟಿ. ನರಸೀಪುರ ತಾಲ್ಲೂಕಿನ ತಲಕಾಡಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಾವೇರಿಯ ಪಾತ್ರದ ಮರಳನ್ನು ಗುಡ್ಡೆ ಮಾಡಿ ದೇವಾಲಯಗಳನ್ನು ಹೂತದ್ದು ಗಾಳಿಯೇ.

ನಕ್ಷೆಯ ಗೆರೆಯದೂ ಒಂದು ತೊಡಕು. ಊರುಗಳ ಪಟ್ಟಿಯಲ್ಲಿ ಮೈಸೂರು ಇದೆ, ನಂಜನಗೂಡೂ ಇಲ್ಲ, ಟಿ. ನರಸೀಪುರವೂ ಇಲ್ಲ. ಕೊಯಮತ್ತೂರಿಗೆ 39, ಕೋಳಿಕ್ಕೋಡಿಗೂ 39. ದಕ್ಷಿಣಕ್ಕೆ ಹೋಗುತ್ತಾ ಎಲ್ಲೋ ಒಂದು ಕಡೆ 33ರ ವಲಯ ಮುಗಿದು 39 ಶುರುವಾಗುತ್ತದೆ. ಇಡೀ ದೇಶವನ್ನು ಒಂದು ಪುಟದಲ್ಲಿ ತೋರಿಸುವ ನಕ್ಷೆಯಲ್ಲಿ ಪೆನ್ನಿನ ಗೆರೆಯ ದಪ್ಪವೇ ಹಲವು ಕಿ.ಮೀ. ಎರಡರ ನಡುವೆ ಒತ್ತಡದ ವ್ಯತ್ಯಾಸ ಶೇ. 40. ಬಿಎಂಟಿಪಿಸಿಯ ರಾಜ್ಯವಾರು ನಕ್ಷೆಗಳಲ್ಲಿ ಜಿಲ್ಲೆಯ ಗಡಿಗಳೂ ಇರುವುದರಿಂದ ಅವುಗಳಲ್ಲಿ ನೋಡುವುದು ವಾಸಿ. ಗುಂಡ್ಲುಪೇಟೆ ಕಡೆಯ ಹಳ್ಳಿಗಳಲ್ಲಿ ಸಂದೇಹ ಬಂದರೆ ಹೆಚ್ಚಿನದನ್ನೇ ಹಿಡಿಯಿರಿ.

ಸೋಲಾರ್ ಹಾಕಿಸುವವರಿಗೆ

ಈಗ ತಾರಸಿಯ ಮೇಲೆ ಆಳೆತ್ತರ ಕಂಬ ನಿಲ್ಲಿಸಿ ಸೋಲಾರ್ ಫಲಕ ಹಾಕಿಸುವುದು ಹೆಚ್ಚಾಗಿದೆ. ಸುಮಾರು 2 ಚದರ ಮೀಟರಿನ ಒಂದು ಫಲಕದ ತೂಕ 22ರಿಂದ 25 ಕೆ.ಜಿ. ಎಳೆತದ ಅಂಕ 1 ಎಂದೇ ಹಿಡಿದರೂ, 60 ಕೆ.ಜಿ. ಲೆಕ್ಕದಲ್ಲಿ ಅದರ ಮೇಲಿನ ಬಲ 120 ಕೆ.ಜಿ. ‘150 ಕಿ.ಮೀ. ಗಾಳಿ ತಡೆಯುತ್ತದೆ’ ಎಂದು ಮಾರುವವರು ಹೇಳಿದರೆ ಮೂರು ಸಂಗತಿ ಬರವಣಿಗೆಯಲ್ಲಿ ಕೇಳಿ: ಅದು ಮೂರು ಸೆಕೆಂಡಿನ ವೇಗವೇ, ಐಎಸ್ 875 ಭಾಗ 3ರ ಯಾವ ಇಸವಿಯ ಲೆಕ್ಕ, ಉಕ್ಕಿನ ವಿನ್ಯಾಸ ಐಎಸ್ 800ರ ಯಾವ ಇಸವಿಯದು. ಕಂಬದ ಬುಡವನ್ನು ತಾರಸಿಗೆ ಹಿಡಿದಿರುವುದು ಏನು ಎಂಬುದನ್ನೂ ಸೇರಿಸಿ. ಕಾಂಕ್ರೀಟ್ ದಿಮ್ಮಿಯ ಭಾರದ ಮೇಲಷ್ಟೇ ನಿಂತಿದ್ದರೆ, ಮೇಲಿನ ಎಳೆತವನ್ನು 1.5ರಿಂದ ಗುಣಿಸಿ, ದಿಮ್ಮಿಯ ತೂಕವನ್ನು 0.9ಕ್ಕೆ ಇಳಿಸಿ ಹೋಲಿಸಬೇಕು. ಒಂದು ಫಲಕಕ್ಕೆ 180 ಕೆ.ಜಿ. ಎಳೆತ ಎಂದರೆ, ಫಲಕದ ತೂಕ ಕಳೆದ ಮೇಲೂ ಪ್ರತಿ ಫಲಕಕ್ಕೆ 175 ಕೆ.ಜಿ.ಗೂ ಹೆಚ್ಚಿನ ಕಾಂಕ್ರೀಟು ಬೇಕು. ಇದರ ಬದಲು ಬೋಲ್ಟಿನಿಂದ ಚಪ್ಪಡಿಗೆ ಸರಿಯಾಗಿ ಹಿಡಿಸುವುದು ಮೇಲು, ನೀರು ಸೋರದಂತೆ ಮಾಡಿದರೆ.

ಹಳೆಯ ಆವೃತ್ತಿಯಲ್ಲಿ ಕಟ್ಟಿದ್ದು ಹೊಸದು ಬಂದ ಕೂಡಲೇ ಅಸುರಕ್ಷಿತವಾಗುವುದಿಲ್ಲ. ಲೆಕ್ಕದ ಹಾಳೆ ಮತ್ತೆ ತೆಗೆಯಬೇಕಾದದ್ದು ಶೆಡ್ಡನ್ನು ಎತ್ತರಿಸುವಾಗ, ಒಂದು ಪಕ್ಕದ ಗೋಡೆ ಒಡೆದು ದೊಡ್ಡ ಬಾಗಿಲು ಇಡುವಾಗ, ಕಲ್ನಾರಿನ ಶೀಟು ತೆಗೆದು ಹಗುರ ತಗಡು ಹಾಕುವಾಗ. ಕೊನೆಯದಂತೂ ಈಗ ಎಲ್ಲೆಡೆ ನಡೆಯುತ್ತಿದೆ. ಕಲ್ನಾರಿನ ಶೀಟಿನ ತೂಕ ತಗಡಿನ ಎರಡರಿಂದ ಮೂರು ಪಟ್ಟು, ಹಳೆಯ ಲೆಕ್ಕದಲ್ಲಿ ಆ ತೂಕವೂ ಎಳೆತದ ಎದುರು ಒಂದಿಷ್ಟು ಕೆಲಸ ಮಾಡುತ್ತಿತ್ತು. ಹಾಗೇ ಇರುವ ಶೆಡ್ಡುಗಳಲ್ಲಿ, ಯುಗಾದಿ ಕಳೆದು ಮೊದಲ ಮಳೆ ಬರುವ ಮುಂಚೆ ಒಬ್ಬರನ್ನು ಮೇಲೆ ಹತ್ತಿಸಿ ತುಕ್ಕು ಹಿಡಿದ ಜೆ-ಬೋಲ್ಟು, ಹರಿದ ವಾಷರ್ ಬದಲಿಸಿ. ಸೂರಿನ ಅಂಚು ಮತ್ತು ನಾಲ್ಕು ಮೂಲೆಗಳಲ್ಲಿ ಶೀಟಿನ ಒಂದು ಏಣು ಬಿಟ್ಟು ಒಂದಕ್ಕೆ ಸ್ಕ್ರೂ ಇದ್ದರೆ, ಅಲ್ಲಿ ಪ್ರತಿ ಏಣಿಗೂ ಹಾಕಿಸಿ. ಮೋಡ ಕಪ್ಪಾದಾಗ ಗಾಳಿ ಬರುವ ದಿಕ್ಕಿನ ದೊಡ್ಡ ಬಾಗಿಲು ಮುಚ್ಚಲು ಗಿರಣಿಯಲ್ಲಿ ಒಬ್ಬರಿಗೆ ಹೇಳಿಟ್ಟಿರಿ.